ಚಿಕ್ಕ ಅಂಗಡಿಯವರು ಪ್ರಚಾರದಲ್ಲಿ ರಿಸ್ಕ್ ತಗೋಬಹುದಾ? ನಮ್ಮ ಗಾಣದ ಬೋರ್ಡಿನ ಕಥೆ

ನೀವು ಕೇಳಿರೋದು ಇಷ್ಟು: ಶಿವಮೊಗ್ಗದಲ್ಲಿ ಚಿಕ್ಕ ಬೇಕರಿ, ಪ್ರಚಾರಕ್ಕೆ ಅಂತ ವರ್ಷಕ್ಕೆ ಎತ್ತಿಡೋದು 20,000 ರೂಪಾಯಿ, ಅದನ್ನ ಪ್ರತಿ ಸಲ ಫ್ಲೆಕ್ಸು ಪಾಂಪ್ಲೆಟ್ಟಿಗೇ ಸುರಿದು ಬೇಜಾರಾಗಿದೆ, ಏನಾದ್ರೂ ಬೇರೆ ತರ ಮಾಡೋಣ ಅಂದ್ರೆ ಮನೆಯವ್ರು "ಇರೋ ಗಿರಾಕಿನೂ ಹೋಗ್ತಾರೆ" ಅಂತಾರೆ, ರಿಸ್ಕ್ ತಗೋಬಹುದಾ ಅಂತ. ತಗೊಳ್ಳಿ ಮೇಡಂ. ಆದ್ರೆ ಯಾವ ರಿಸ್ಕು ಅನ್ನೋದು ನೋಡ್ಕೊಂಡು ತಗೊಳ್ಳಿ, ಯಾಕಂದ್ರೆ ನಾನು ಎರಡು ತರದ್ದೂ ಮಾಡಿದೀನಿ, ಒಂದ್ರಲ್ಲಿ ದುಡ್ಡು ಹೋಯ್ತು, ಇನ್ನೊಂದ್ರಿಂದ ಅಂಗಡಿ ಉಳೀತು.

ನಮ್ಮದು ತುಮಕೂರಲ್ಲಿ ಮರದ ಗಾಣದ ಎಣ್ಣೆ ಅಂಗಡಿ. ಕಡ್ಲೆಕಾಯಿ, ಕೊಬ್ಬರಿ, ಎಳ್ಳು, ಹುಚ್ಚೆಳ್ಳು. ಬೀಜ ಪಾವಗಡ ಚಳ್ಳಕೆರೆ ಕಡೆಯಿಂದ ಬರತ್ತೆ, ಕೊಬ್ಬರಿ ತಿಪಟೂರಿಂದ. ನಮ್ಮಪ್ಪ ನಾನು ಸೇರಿ ಶುರು ಮಾಡಿದ ಹೊಸದ್ರಲ್ಲಿ ಊರಲ್ಲಿ ಇನ್ನೂ ಮೂರ್ನಾಲ್ಕು ಗಾಣ ಬಂದ್ವು, ಎಲ್ಲರ ಬೋರ್ಡಲ್ಲೂ ಅದೇ ಎತ್ತು, ಅದೇ ಮಣ್ಣಿನ ಮಡಿಕೆ, "ಶುದ್ಧ, ಸಾಂಪ್ರದಾಯಿಕ, ಆರೋಗ್ಯಕರ". ನಮ್ಮದ್ರಲ್ಲೂ ಅದೇ ಇತ್ತು. ಗಾಣ ತಿರುಗೋದು ಮೋಟಾರಲ್ಲಿ, ಬೋರ್ಡಲ್ಲಿ ಮಾತ್ರ ಎತ್ತು.

ಮೊದಲು ಮಾಡಿದ ರಿಸ್ಕು ಏನಂದ್ರೆ, ನಮ್ಮ ಭಾಷೇಲಿ ಎಣ್ಣೆ ಅಂದ್ರೆ ಇನ್ನೊಂದು ಅರ್ಥ ಇದೆಯಲ್ಲ, ಅದನ್ನೇ ಹಿಡ್ಕೊಂಡು ಸ್ನೇಹಿತನೊಬ್ಬ "ಎಣ್ಣೆ ಪ್ರಿಯರಿಗೆ ಸ್ವಾಗತ" ಅಂತ ದೊಡ್ಡ ಬ್ಯಾನರ್ ಡಿಸೈನ್ ಮಾಡ್ಕೊಟ್ಟ, ಜೊತೆಗೊಂದು ರೀಲೂ ಮಾಡಿದ್ವಿ. ರೀಲ್ ಓಡ್ತು, 80,000 ಜನ ನೋಡಿದ್ರು, ಹುಡುಗರು ಬಂದು ಬ್ಯಾನರ್ ಮುಂದೆ ನಿಂತು ಸೆಲ್ಫಿ ತಗೊಂಡ್ರು, ಎರಡು ವಾರ ನಾನು ನೆಲದ ಮೇಲೆ ಇರ್ಲಿಲ್ಲ. ಆದ್ರೆ ಗಲ್ಲಾ ಪೆಟ್ಟಿಗೆ ಹಾಗೇ ಇತ್ತು. ರೀಲ್ ನೋಡಿದವ್ರು ಹುಬ್ಬಳ್ಳಿಲಿ, ಬೆಂಗಳೂರಲ್ಲಿ, ದುಬೈಲಿ ಇದ್ರು, ಒಂದು ಲೀಟರ್ ಎಣ್ಣೆಗೆ ಯಾರು ತುಮಕೂರಿಗೆ ಬರ್ತಾರೆ? ಪಕ್ಕದ ಬೀದಿಯ ಅಜ್ಜಿ ಒಬ್ರು, ತಿಂಗಳಿಗೆ ಮೂರು ಲೀಟರ್ ತಗೊಳ್ಳೋರು, ಯಾವಾಗ್ಲೂ ಮೊಮ್ಮಗಳನ್ನ ಕಳಿಸ್ತಿದ್ದೋರು, ಅವತ್ತು ಅವರೇ ಕೋಲು ಊರ್ಕೊಂಡು ಬಂದು, "ಏನಪ್ಪಾ ಇದು, ಹೆಣ್ಮಗೂನ ಹೆಂಗೆ ಕಳಿಸ್ಲಿ ಇಲ್ಲಿಗೆ" ಅಂದ್ರು. ಆ ಸಂಜೆನೇ ಇಳಿಸಿಬಿಟ್ಟೆ. ಎಣ್ಣೆ ಕೊಳ್ಳೋರು ಯಾರು, ಒಗ್ಗರಣೆ ಹಾಕೋರು ಯಾರು ಅಂತ ಒಂದು ನಿಮಿಷ ಯೋಚನೆ ಮಾಡದೆ, ನೋಡಿ ನಗೋರಿಗೋಸ್ಕರ ಮಾಡಿದ ಕೆಲಸ ಅದು. ಅದಕ್ಕಿಂತ ಮುಖ್ಯವಾದ್ದು ಇನ್ನೊಂದಿದೆ, ಆ ಬ್ಯಾನರ್‌ನ ಯಾವ ಗಾಣದೋನು ಬೇಕಾದ್ರೂ ನಾಳೆನೇ ಕಟ್ಟಬಹುದಿತ್ತು, ಅದ್ರಲ್ಲಿ ನಮ್ಮ ಎಣ್ಣೆ ಬಗ್ಗೆ ಒಂದು ಅಕ್ಷರನೂ ಇರ್ಲಿಲ್ಲ.

ಎರಡನೇದು 2019ರಲ್ಲಿ ಮಾಡಿದ್ದು. ಅಂಗಡಿಗೆ ಬರೋ ಹತ್ತು ಜನದಲ್ಲಿ ಏಳೆಂಟು ಜನ ಕೇಳೋದು ಒಂದೇ, ಪ್ಯಾಕೆಟ್ ಎಣ್ಣೆ 130ಕ್ಕೆ ಸಿಗತ್ತೆ ನಿಮ್ಮ ಕಡ್ಲೆಕಾಯಿ ಎಣ್ಣೆಗ್ಯಾಕೆ 270? ಪ್ರತಿಯೊಬ್ರಿಗೂ ಬಾಯಲ್ಲಿ ಹೇಳಿ ಹೇಳಿ ನಮ್ಮಪ್ಪಂಗೆ ಸುಸ್ತಾಗಿತ್ತು, ಹೇಳಿದ್ರೂ ಜನ ನಂಬ್ತಿರ್ಲಿಲ್ಲ. ಒಂದಿನ ಶಾಲೇಲಿ ಇರೋ ತರದ್ದೇ ಒಂದು ಕಪ್ಪು ಹಲಗೆ ತಂದು, ಬಾಗಿಲ ಹೊರಗೆ ನಿಲ್ಸಿ, ಲೆಕ್ಕ ಬರೆದೆ. ಒಂದು ಲೀಟರ್‌ಗೆ ಬೀಜ ಎರಡೂವರೆ ಕೆಜಿ, ಕೆಜಿಗೆ 100ರ ಹಾಗೆ 250. ಹಿಂಡಿ ಮಾರಿದ್ರೆ ಬರೋದು 50, ಅದನ್ನ ಕಳೀರಿ. ಕೂಲಿ, ಕರೆಂಟು, ಬಾಟ್ಲಿ, ಬಾಡಿಗೆ ಎಲ್ಲಾ ಸೇರಿ 45. ನಮ್ಮ ಲಾಭ 25. ಒಟ್ಟು 270.

ಲಾಭ ಎಷ್ಟು ಅಂತ ಬರೆದಿದ್ದು ನೋಡಿ ನಮ್ಮಪ್ಪ ಒಂದು ದಿನ ನನ್ನ ಹತ್ರ ಮಾತಾಡ್ಲಿಲ್ಲ. "ವ್ಯಾಪಾರದಲ್ಲಿ ಎಡಗೈ ಲೆಕ್ಕ ಬಲಗೈಗೆ ಹೇಳಬಾರ್ದು ಕಣೋ, ನೀನು ಬೀದಿಲಿ ಬರೆದಿದೀಯ" ಅಂದ್ರು. ಅವರ ಭಯ ಸುಳ್ಳಾಗ್ಲಿಲ್ಲ. ಮೊದಲನೇ ವಾರನೇ "25 ಲಾಭ ಇದೆಯಲ್ಲ ಹತ್ತು ಬಿಡಿ" ಅಂತ ಚೌಕಾಸಿ ಶುರುವಾಯ್ತು, ಆಮೇಲೆ ಇನ್ನೊಂದು ಗಾಣದೋರು ನಮ್ಮ ಲೆಕ್ಕ ನೋಡ್ಕೊಂಡೇ 255ಕ್ಕೆ ಇಳಿಸಿದ್ರು. ಎರಡು ತಿಂಗಳು ವ್ಯಾಪಾರ ಏರೋದಿರ್ಲಿ, ಸ್ವಲ್ಪ ಇಳೀತು.

ಆದ್ರೆ ಬೋರ್ಡ್ ಇಡೋಕೆ ಮುಂಚೆನೇ ನಾವು ಒಂದು ಮಾತು ಆಡಿದ್ವಿ, ಮೂರು ತಿಂಗಳು, ಹೆಚ್ಚಂದ್ರೆ 15,000 ಹೋಗ್ಲಿ, ಅದು ದಾಟಿದ್ರೆ ಯಾರನ್ನೂ ಕೇಳದೆ ಹಲಗೆ ಒಳಗೆ. ಆ ಮಾತು ಇಲ್ದೇ ಇದ್ದಿದ್ರೆ ನಾನು ಹತ್ತನೇ ದಿನಕ್ಕೇ ಅಳಿಸಿರ್ತಿದ್ದೆ. ಮೂರನೇ ತಿಂಗಳಲ್ಲಿ ಏನಾಯ್ತಂದ್ರೆ, ಜನ 255ರ ಅಂಗಡಿಗೆ ಹೋಗಿ "ನೀವು ಲೀಟರ್‌ಗೆ ಎಷ್ಟು ಕೆಜಿ ಬೀಜ ಹಾಕ್ತೀರಿ" ಅಂತ ಕೇಳೋಕೆ ಶುರು ಮಾಡಿದ್ರಂತೆ. ಲೆಕ್ಕ ಮಾಡೋದು ನಮ್ಮ ಹಲಗೆ ಓದಿ ಕಲ್ತಿದ್ರು. ಅಡುಗೆ ಕಂಟ್ರಾಕ್ಟ್ ಮಾಡೋ ಭಟ್ರೊಬ್ರು ಬಂದು ಬೀಜ ತೂಗೋದ್ರಿಂದ ಹಿಡಿದು ಎಣ್ಣೆ ಇಳಿಯೋ ತನಕ ಸ್ಟೂಲ್ ಹಾಕ್ಕೊಂಡು ಕೂತು ನೋಡಿ, ಮದುವೆ ಸೀಸನ್‌ಗೆ 60 ಲೀಟರ್ ಹೇಳಿ ಹೋದ್ರು. ಚೌಕಾಸಿ ಮಾಡ್ಲಿಲ್ಲ.

ಇದು ನಾನು ಕಂಡುಹಿಡಿದ ವಿದ್ಯೆ ಏನಲ್ಲ. ಬೆಂಗಳೂರಿನ ಎಂಟಿಆರ್ ಕಥೆ ಕೇಳಿರ್ತೀರ. 1924ರಲ್ಲಿ ಶುರುವಾದ ಹೋಟ್ಲು, ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಹೋಟ್ಲುಗಳ ಶುಚಿ ನೋಡ್ಕೊಂಡು ಬಂದು ಇಲ್ಲಿ ಅದೇ ತರ ಮಾಡಿದ್ರು, ಗಿರಾಕಿಗಳು ಅಡುಗೆಮನೆ ನೋಡೋ ಹಾಗೆ ಬಿಟ್ರು. ಆಗಿನ ಕಾಲದಲ್ಲಿ ಯಾವ ಹೋಟ್ಲಿನೋರು ಅಡುಗೆಮನೆ ಬಾಗ್ಲು ತೆಗೀತಿದ್ರು ಹೇಳಿ? ಆಮೇಲೆ 1975ರ ಎಮರ್ಜೆನ್ಸಿ ಟೈಮಲ್ಲಿ ಸರ್ಕಾರ ತಿಂಡಿ ರೇಟು ಇಳಿಸ್ಲೇಬೇಕು ಅಂದಾಗ ಗುಣಮಟ್ಟ ಇಳಿಸದೆ, ಇವತ್ತು ನಮಗೆ ಇಷ್ಟು ನಷ್ಟ ಆಯ್ತು ಅಂತ ದಿನಾ ಹೊರಗೆ ಬೋರ್ಡ್ ಹಾಕ್ತಿದ್ರು. ಆಮೇಲೆ ಹೋಟ್ಲು ಮುಚ್ಚಬೇಕಾಗಿ ಬಂತು ನಿಜ, ಆದ್ರೆ ಅದೇ ಕಷ್ಟಕಾಲದಲ್ಲಿ ಅವರು ರೆಡಿ ಮಿಕ್ಸ್ ಪ್ಯಾಕ್ ಮಾಡಿ ಮಾರೋಕೆ ಇಳಿದಿದ್ದು, ಆ ಹೆಸರು ಇರೋ ಪೊಟ್ಟಣನ ಜನ ಯೋಚನೆ ಮಾಡದೆ ಮನೆಗೆ ತಗೊಂಡು ಹೋದ್ರು ಅಂದ್ರೆ ಅದ್ರಲ್ಲಿ ಆ ಅಡುಗೆಮನೆ ಬಾಗ್ಲು, ಆ ನಷ್ಟದ ಬೋರ್ಡು ಎರಡೂ ಇವೆ ಅಂತ ನಾನು ನಂಬ್ತೀನಿ. ಮುಚ್ಚಿಡೋದನ್ನ ತೋರಿಸೋದೇ ನನ್ನ ಪ್ರಕಾರ ನಿಜವಾದ ರಿಸ್ಕು, ಯಾಕಂದ್ರೆ ಮುಚ್ಚಿಡೋ ವಿಷಯ ಇರೋ ಬೇರೆಯವ್ರು ಅದನ್ನ ಕಾಪಿ ಹೊಡೆಯೋಕಾಗಲ್ಲ.

ಇನ್ನೊಂದು ನಂಗೆ ಇಷ್ಟವಾದ ಉದಾಹರಣೆ ಚಿಕ್ ಶಾಂಪೂದು. ತಮಿಳುನಾಡಿನ ಸಿ.ಕೆ. ರಂಗನಾಥನ್ 1983ರಲ್ಲಿ 15,000 ರೂಪಾಯಿ ಇಟ್ಕೊಂಡು ಶುರು ಮಾಡಿದ್ದು. ಅವರು ಮಾಡಿದ ಸ್ಕೀಮು, ಯಾವ ಕಂಪನಿದಾದ್ರೂ ಸರಿ ಐದು ಖಾಲಿ ಸ್ಯಾಶೆ ತನ್ನಿ, ಒಂದು ಚಿಕ್ ಫ್ರೀ. ಕೇಳಿದ್ರೆ ಹುಚ್ಚು ಅನ್ಸತ್ತೆ, ಬೇರೆಯವ್ರ ಶಾಂಪೂ ಕೊಂಡವ್ರಿಗೆ ನಮ್ಮ ಶಾಂಪೂ ಬಿಟ್ಟಿ ಕೊಡೋದು! ಆದ್ರೆ ನೋಡಿ, ಐದು ಸ್ಯಾಶೆ ತರೋಳು ಶಾಂಪೂ ಹಾಕೋಳೇ ಅನ್ನೋದು ಗ್ಯಾರಂಟಿ, ಬೀದಿಲಿ ಹೋಗೋ ಎಲ್ಲರಿಗೂ ಹಂಚಿದ ಹಾಗಲ್ಲ, ಮತ್ತೆ ತಲೆಗೆ ನಷ್ಟ ಒಂದೇ ಸ್ಯಾಶೆ. ಜನಕ್ಕೆ ಹಿಡಿಸಿದ ಮೇಲೆ ಚಿಕ್ ಸ್ಯಾಶೆ ತಂದ್ರೆ ಮಾತ್ರ ಫ್ರೀ ಅಂತ ಬದಲಾಯಿಸಿದ್ರು. ನೋಡೋರಿಗೆ ಹುಚ್ಚು ಸಾಹಸ, ಮಾಡಿದವ್ರಿಗೆ ಎಷ್ಟು ಹೋಗತ್ತೆ ಅಂತ ಪೈಸಾ ಲೆಕ್ಕ ಗೊತ್ತಿತ್ತು.

ಒಂದು ಜಾಗ ಮಾತ್ರ ಮುಟ್ಟಬೇಡಿ, ಆರೋಗ್ಯದ ಹೆಸರಲ್ಲಿ ಹೆದರಿಸೋದು. ನಮ್ಮ ಗಾಣದ ಲೈನಲ್ಲಿ "ಪ್ಯಾಕೆಟ್ ಎಣ್ಣೆ ವಿಷ, ನಮ್ಮದು ತಿಂದ್ರೆ ಹಾರ್ಟಿಗೆ ಏನೂ ಆಗಲ್ಲ" ಅಂತ ಬರೆಯೋರು ಬೇಕಾದಷ್ಟು ಜನ ಇದಾರೆ, ನೋಡಿದ್ರೆ ಸಿಟ್ಟು ಬರತ್ತೆ, ಯಾರೋ ಬಿಪಿ ಮಾತ್ರೆ ಬಿಟ್ಟು ಎಣ್ಣೆ ನಂಬಿದ್ರೆ ಗತಿ ಏನು? ಆಹಾರದ ಜಾಹೀರಾತಿಗೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐದು 2018ರ ನಿಯಮಗಳಿವೆ, 2019ರ ಗ್ರಾಹಕ ರಕ್ಷಣಾ ಕಾಯ್ದೆಲಿ ಸುಳ್ಳು ಜಾಹೀರಾತಿಗೆ 10 ಲಕ್ಷದ ತನಕ ದಂಡ ಇದೆ. ನಿಮ್ಮ ಬೇಕರೀಲೂ "ಶುಗರ್ ಇರೋರೂ ತಿನ್ನಬಹುದು" ಅನ್ನೋ ಆಸೆ ಬರತ್ತೆ, ಬೇಡ.

ನಿಮಗೆ ಏನು ಮಾಡಬಹುದು ಅಂತ ಕೇಳಿದ್ರೆ, ನಾನಾಗಿದ್ರೆ ಹೀಗೆ ಮಾಡ್ತಿದ್ದೆ. ಬೇಕರಿಲಿ ಎಲ್ಲರೂ ಮುಚ್ಚಿಡೋದು ಏನು? ಇದು ಯಾವತ್ತಿನ ಬನ್ನು ಅನ್ನೋದು. ಓವನ್‌ನಿಂದ ತೆಗೆದ ಟೈಮು ಟ್ರೇ ಮೇಲೇ ಬರೀರಿ, ಬೆಳಿಗ್ಗೆ 6.30, ಸಂಜೆ 4. ಉಳಿದಿದ್ದನ್ನ ಮಾರನೇ ದಿನ ಹೊಸದ್ರ ಜೊತೆ ಬೆರೆಸದೆ, ತಿನ್ನೋಕೆ ಚೆನ್ನಾಗಿರೋದನ್ನ ಮಾತ್ರ ಬೇರೆ ಟ್ರೇಲಿ "ನಿನ್ನೆಯದು, ಅರ್ಧ ರೇಟು" ಅಂತ ದಪ್ಪ ಅಕ್ಷರದಲ್ಲಿ ಬರೆದಿಡಿ. ನಿಮ್ಮ ಮನೆಯವ್ರು ಖಂಡಿತ ಒಪ್ಪಲ್ಲ, ನಮ್ಮಲ್ಲಿ ಹಳೇದು ಉಳಿಯತ್ತೆ ಅಂತ ನಾವೇ ಸಾರಿದ ಹಾಗಾಗತ್ತೆ ಅಂತಾರೆ. ಆ ಭಯ ನಿಜದ್ದು. ಆದ್ರೆ ನಿನ್ನೆಯದು ಅಂತ ಒಂದು ಟ್ರೇ ಮೇಲೆ ಬರೆದ ಕೂಡ್ಲೇ ಪಕ್ಕದ ಟ್ರೇ ಇವತ್ತಿನದು ಅಂತ ಜನ ನಂಬ್ತಾರೆ, ಆ ನಂಬಿಕೆ ಯಾವ ಫ್ಲೆಕ್ಸಿಂದನೂ ಬರಲ್ಲ. ಅರ್ಧ ರೇಟಿಂದು ಹಾಸ್ಟೆಲ್ ಹುಡುಗರು, ಗಾರೆ ಕೆಲಸದೋರು ತಗೊಂಡು ಹೋಗ್ತಾರೆ, ಬಿಸಾಕೋದು ಕಮ್ಮಿಯಾಗತ್ತೆ.

20,000ದಲ್ಲಿ ಇದಕ್ಕೆ ಐದು ಸಾವಿರ ನಷ್ಟ ಅಂತ ಎತ್ತಿಡಿ, ಎರಡು ತಿಂಗಳು ಅಂತ ಇಬ್ರೂ ಕೂತು ತೀರ್ಮಾನ ಮಾಡಿ ಕ್ಯಾಲೆಂಡರ್ ಮೇಲೆ ದಿನಾಂಕ ಬರೆದಿಡಿ. ನೆನಪಿರ್ಲಿ, ಒಂದ್ಸಲ ಬರೆಯೋಕೆ ಶುರು ಮಾಡಿದ್ರೆ ಕೆಟ್ಟ ದಿನನೂ ಬರೀಬೇಕಾಗತ್ತೆ. ಒಂದ್ಸಲ ನಮಗೆ ಬಂದ ಬೀಜದ ಲೋಡು ಹಳೇದು, ಕಮಟು ವಾಸನೆ, ಹಿಂಡಿದ್ರೆ ಎಣ್ಣೆನೂ ಅದೇ ವಾಸನೆ. ಹಲಗೆ ಮೇಲೆ "ಬೀಜ ಸರಿಯಿಲ್ಲ, ಕಡ್ಲೆಕಾಯಿ ಎಣ್ಣೆ ಇಲ್ಲ" ಅಂತ ಒಂಬತ್ತು ದಿನ ಹಾಗೇ ಇತ್ತು, ಬಂದವ್ರನ್ನೆಲ್ಲಾ ವಾಪಸ್ ಕಳಿಸೋವಾಗ ಹೊಟ್ಟೆ ಉರೀತಿತ್ತು. ಹತ್ತನೇ ದಿನ ಆ ಅಜ್ಜಿ ಮೊಮ್ಮಗಳು ಖಾಲಿ ಕ್ಯಾನ್ ಹಿಡ್ಕೊಂಡು ಬಂದು, "ಬೀಜ ಬಂತಾ ಅಂಕಲ್, ಅಜ್ಜಿ ಬೇರೆ ಕಡೆ ತರಬೇಡ ಅಂದಿದಾರೆ" ಅಂದ್ಲು.

ಬೋರ್ಡಿಗೆ ಪೇಂಟ್ ಬೇಡ ಮೇಡಂ, ಚಾಕ್‌ಪೀಸೇ ಇರ್ಲಿ, ದಿನಾ ಅಳಿಸಿ ಬರೀಬೇಕಾಗತ್ತೆ.