ಎರಡು ಬಾಗಿಲಿನ ಕಾರು, ಗುಡ್ಡದ ಸೈಕಲ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನದು ಬಟ್ಟೆ ಚಾವಣಿಯ ಬಿಎಂಡಬ್ಲ್ಯು ಝಡ್4. 29 ಇಂಚು ಚಕ್ರದ ಎಂಟಿಬಿ (ಮೌಂಟನ್ ಬೈಕ್, ಗುಡ್ಡದ) ಸೈಕಲ್ಲನ್ನು ಭಾನುವಾರಗಳಂದು ಸಂಡೂರಿನ ಗುಡ್ಡಗಳಿಗೆ ಒಯ್ಯಬೇಕು. ಚಾವಣಿಯ ಮೇಲೆ ಕ್ಯಾರಿಯರ್ ಕೂರಿಸಬಹುದೇ?
– ಓದುಗರು, ಬಳ್ಳಾರಿ

ಉತ್ತರ: ಬಟ್ಟೆ ಚಾವಣಿಯ ಮೇಲೆ ಏನನ್ನೂ ಕೂರಿಸಬೇಡಿ. ಒಬ್ಬರೇ ಹೋಗುವುದಾದರೆ ಪಕ್ಕದ ಸೀಟೇ ಎಲ್ಲಕ್ಕಿಂತ ಒಳ್ಳೆಯ ಕ್ಯಾರಿಯರ್. ಗಾಳಿ ಹೊಡೆಯುವುದಿಲ್ಲ, ಬಣ್ಣಕ್ಕೆ ಗೀರು ಬೀಳುವುದಿಲ್ಲ, ಚಹಾಕ್ಕೆ ನಿಲ್ಲಿಸಿದಾಗ ಸೈಕಲ್ ಕಣ್ಣೆದುರೇ ಇರುತ್ತದೆ.

ಗೇರನ್ನು ಹಿಂದಿನ ಅತಿ ಚಿಕ್ಕ ಹಲ್ಲುಚಕ್ರಕ್ಕೆ ಇಳಿಸಿ ಎರಡೂ ಚಕ್ರ ಬಿಚ್ಚಿ. ಬಿಚ್ಚಿದ ಕೂಡಲೇ ಬ್ರೇಕ್ ಪ್ಯಾಡುಗಳ ನಡುವೆ ಪ್ಲಾಸ್ಟಿಕ್ ಬಿಲ್ಲೆ ಸಿಕ್ಕಿಸಿ. ದಪ್ಪ ರಟ್ಟಿನ ಚೂರಾದರೂ ನಡೆಯುತ್ತದೆ. ಆಕ್ಸಲ್ಲುಗಳನ್ನು ಆಯಾ ಚಕ್ರದ ನಡುವಿನ ಹಬ್‌ಗೇ ತೂರಿಸಿಡಿ, ಇಲ್ಲವಾದರೆ ಒಂದಲ್ಲ ಒಂದು ದಿನ ಗುಡ್ಡದಲ್ಲೇ ಉಳಿಯುತ್ತವೆ. ಹ್ಯಾಂಡಲ್ 74ರಿಂದ 80 ಸೆಂ.ಮೀ. ಅಗಲ ಇರುತ್ತದೆ, ಅಡ್ಡಡ್ಡ ಹೋಗದು. ಹ್ಯಾಂಡಲ್ಲನ್ನು ಹಿಡಿದಿರುವ ಸ್ಟೆಮ್ಮಿನ ಮುಂಭಾಗದ ನಾಲ್ಕು ಬೋಲ್ಟ್ ಬಿಚ್ಚಿ, ಹ್ಯಾಂಡಲ್ಲನ್ನು ಫ್ರೇಮಿನ ಉದ್ದಕ್ಕೆ ತಿರುಗಿಸಿ ಕಟ್ಟಿ. ಮರಳಿ ಬಿಗಿಯುವಾಗ ಮೂಲೆಯಿಂದ ಎದುರು ಮೂಲೆಗೆ, ಸ್ಟೆಮ್ ಮೇಲೆ ಬರೆದಿರುವ ನ್ಯೂಟನ್ ಮೀಟರಿಗೆ ಸರಿಯಾಗಿ ಬಿಗಿಯಿರಿ. ಸಾಮಾನ್ಯವಾಗಿ 5ರ ಆಸುಪಾಸು.

ಚಾವಣಿ ಮಡಚಿ, ಸೀಟನ್ನು ಪೂರ್ತಿ ಹಿಂದೆ ಸರಿಸಿ, ಹಳೆಯ ಕೌದಿಯೊಂದನ್ನು ಹಾಸಿ. ಮುಂಚಕ್ರ ಹಿಡಿಯುವ ಫೋರ್ಕಿನ ತುದಿ ಕಾಲಿಡುವ ಜಾಗಕ್ಕೆ ಇಳಿಯಲಿ, ಹಿಂಭಾಗ ಸೀಟಿಗೆ ಒರಗಲಿ, ಚೈನ್ ಇರುವ ಮಗ್ಗುಲು ಮೇಲಿರಲಿ. ಗೇರು ಬದಲಿಸುವ ಡಿರೇಲರ್ ಮೇಲೆ ಭಾರ ಬಿದ್ದರೆ ಅದನ್ನು ಹಿಡಿದಿರುವ ಹ್ಯಾಂಗರ್ ಬಾಗುತ್ತದೆ, ಆಮೇಲೆ ಗೇರು ತಾನಾಗಿಯೇ ಜಿಗಿಯುತ್ತಿರುತ್ತದೆ. ಸೀಟ್ ಬೆಲ್ಟನ್ನು ಫ್ರೇಮಿನೊಳಗಿಂದ ಹಾಯಿಸಿ ಹಾಕಿ, ಎಚ್ಚರಿಕೆಯ ಸದ್ದೂ ನಿಲ್ಲುತ್ತದೆ. ಪಕ್ಕದ ಸೀಟಿನ ಏರ್‌ಬ್ಯಾಗ್ ಆರಿಸುವ ಸ್ವಿಚ್ ಇದ್ದರೆ ಆರಿಸಿ, ಮತ್ತೆ ಮನುಷ್ಯರು ಕೂರುವ ಮೊದಲು ಮರೆಯದೆ ಹಾಕಿ.

ಉಳಿದದ್ದು ಚಕ್ರಗಳು. ಟೈರ್ ಸೇರಿ ಅವುಗಳ ವ್ಯಾಸ ಸುಮಾರು 75 ಸೆಂ.ಮೀ. ರಟ್ಟಿನಲ್ಲಿ ಅಷ್ಟೇ ಅಗಲದ ವೃತ್ತ ಕತ್ತರಿಸಿ ಮೊದಲು ಡಿಕ್ಕಿಯಲ್ಲಿಟ್ಟು ನೋಡಿ. ನಿಮ್ಮ ಡಿಕ್ಕಿ 281 ಲೀಟರ್ ಎಂದು ಪುಸ್ತಕ ಹೇಳಿದರೂ ಬಾಯಿಯ ಅಗಲವೇ ಮುಖ್ಯ. ಹಿಡಿಸದಿದ್ದರೆ ಫ್ರೇಮಿನ ಮೇಲೆ, ನಡುವೆ ಬಟ್ಟೆ ಹಾಕಿ, ಬ್ರೇಕಿನ ಡಿಸ್ಕ್ ಮೇಲ್ಮುಖವಾಗಿರುವಂತೆ ಕಟ್ಟಿ. ಟ್ಯೂಬ್‌ಲೆಸ್ ಟೈರಿನ ಗಾಳಿಯನ್ನು ಪೂರ್ತಿ ಬಿಡಬೇಡಿ. ಅಂಚು ರಿಮ್ಮಿನಿಂದ ಕಳಚಿದರೆ ಸೀಲೆಂಟ್ ದ್ರವ ಸೀಟಿನ ಮೇಲೆಲ್ಲ ಹರಿಯುತ್ತದೆ.

ಪ್ರಶ್ನೆ: ಲೋಹದ ಚಾವಣಿಯ ಕೂಪೆಗೆ (ಎರಡು ಬಾಗಿಲಿನ ಕಾರಿಗೆ) ಸೀಸಕರ್ ಮಾದರಿಯ ಹೀರು ಬಟ್ಟಲಿನ ಕ್ಯಾರಿಯರ್ ಹಾಕಿದ್ದೇನೆ. ಮನೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ದಾರಿಯಲ್ಲಿ ಪಂಪಿನ ಕಿತ್ತಳೆ ಗೆರೆ ಮತ್ತೆ ಮತ್ತೆ ಕಾಣುತ್ತದೆ. ಬಟ್ಟಲು ಕೆಟ್ಟಿದೆಯೇ?
– ಓದುಗರು, ತೋರಣಗಲ್ಲು

ಉತ್ತರ: ಕಿತ್ತಳೆ ಗೆರೆ ಕಂಡರೆ ಬಟ್ಟಲಿನೊಳಗೆ ಗಾಳಿ ನುಗ್ಗಿ ಹಿಡಿತ ಸಡಿಲಾಗುತ್ತಿದೆ ಎಂದರ್ಥ. ನಿಮ್ಮ ಊರಿನ ಹೆಸರು ನೋಡಿದರೆ ಮೊದಲ ಅನುಮಾನ ಅದಿರಿನ ಧೂಳಿನ ಮೇಲೆ. 6 ಇಂಚಿನ ಒಂದು ಬಟ್ಟಲಿಗೆ 210 ಪೌಂಡ್, ಅಂದರೆ ಸುಮಾರು 95 ಕಿಲೋ ಎಳೆತ ತಡೆಯುವ ಶಕ್ತಿ ಇದೆ. ಎಂಟಿಬಿ ಸೈಕಲ್ ತೂಗುವುದು 12ರಿಂದ 15 ಕಿಲೋ. ಭಾರ ಇಲ್ಲಿ ತೊಂದರೆಯೇ ಅಲ್ಲ. ರಬ್ಬರಿನ ಅಂಚಿನಡಿ ಸಿಕ್ಕ ಒಂದೇ ಒಂದು ಕೆಂಪು ಕಣ ಗಾಳಿಗೆ ದಾರಿ ಬಿಡುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಧೂಳು ಹೋಗದು, ಹರಡುತ್ತದೆ, ಬಣ್ಣವನ್ನೂ ಉಜ್ಜುತ್ತದೆ. ನೀರು ಸುರಿದು ತೊಳೆಯಿರಿ, ಒಂದು ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಇನ್ನೊಂದು ಶುದ್ಧ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ. ಬಟ್ಟಲಿನ ಅಂಚನ್ನೂ ಒದ್ದೆ ಮಾಡಿ, ಒತ್ತಿ ಹಿಡಿದು, ಗೆರೆ ಮರೆಯಾಗುವವರೆಗೆ ಪಂಪ್ ಮಾಡಿ. ಹತ್ತು ನಿಮಿಷ ಕಾಯಿರಿ. ಆಗಲೇ ಗೆರೆ ಹೊರಬಂದರೆ ಜಾಗ ಸರಿಯಿಲ್ಲ: ತಗಡಿನ ಮಡಿಕೆಯ ಮೇಲೆ ಅಥವಾ ಜೋಡಣೆಯ ಮೇಲೆ ಕೂತಿದೆ. ಬಣ್ಣ ಕಾಯುವ ಪಿಪಿಎಫ್ ಹಾಳೆ ಅಂಟಿಸಿದ್ದರೆ ಅದರ ಮೇಲೆ ಈ ಕ್ಯಾರಿಯರ್ ಬೇಡ. ಹಾಳೆಯೇ ಎದ್ದು ಬರುತ್ತದೆ. ಚಾವಣಿಯ ನಡುಭಾಗ ತೆಳು, ಒತ್ತಿದರೆ ಬಾಗುತ್ತದೆ. ಆದಷ್ಟು ಮುಂಗಾಜಿನ ಅಂಚಿಗೆ ಹತ್ತಿರ, ಗಟ್ಟಿ ಜಾಗದಲ್ಲಿ ಕೂರಿಸಿ.

ಎರಡನೆಯದು ಬಿಸಿಲು. ಏಪ್ರಿಲ್ ಮಧ್ಯಾಹ್ನ ಕಾದ ತಗಡಿನ ಮೇಲೆ ಗಂಟೆಗಟ್ಟಲೆ ಬಿಟ್ಟರೆ ರಬ್ಬರ್ ಮೆತ್ತಗಾಗುತ್ತದೆ, ಒಳಗೆ ಉಳಿದ ಗಾಳಿ ಹಿಗ್ಗುತ್ತದೆ. ಸೈಕಲ್ ಇಳಿಸಿದ ಮೇಲೆ ಬಟ್ಟಲುಗಳನ್ನೂ ತೆಗೆದು ನೆರಳಲ್ಲಿಡಿ.

ಮೂರನೆಯದು ವೇಗ. ಗಾಳಿಯ ತಳ್ಳಾಟ ವೇಗದ ವರ್ಗದಂತೆ ಏರುತ್ತದೆ: 80ರಿಂದ 110ಕ್ಕೆ ಹೋದರೆ ಸುಮಾರು 1.9 ಪಟ್ಟು. ಹೆದ್ದಾರಿ 67ರಲ್ಲಿ ಅದಿರಿನ ಲಾರಿಯನ್ನು ಹಿಂದೆ ಹಾಕುವ ಕ್ಷಣದಲ್ಲಿ ಅಡ್ಡಗಾಳಿಯೂ ಸೇರುತ್ತದೆ. 80 ದಾಟಬೇಡಿ. ಹೊರಟು 5 ಕಿ.ಮೀ.ಗೆ ಒಮ್ಮೆ ನಿಲ್ಲಿಸಿ ಗೆರೆ ನೋಡಿ, ಆಮೇಲೆ 30 ಕಿ.ಮೀ.ಗೊಮ್ಮೆ. ಎಲ್ಲ ಬಟ್ಟಲೂ ಸೋತರೂ ಸೈಕಲ್ ಹಿಂದಿನ ಬೈಕಿನವರ ಮೇಲೆ ಬೀಳದಂತೆ, ಫ್ರೇಮಿಗೆ ಕಟ್ಟಿದ ಪಟ್ಟಿಯ ಇನ್ನೊಂದು ತುದಿಗೆ ದೊಡ್ಡ ಗಂಟು ಹಾಕಿ ಡಿಕ್ಕಿಯೊಳಗೆ ಸಿಕ್ಕಿಸಿ ಮುಚ್ಚಿ. ಕಿಟಕಿಗೆ ಚೌಕಟ್ಟಿಲ್ಲದ ಕೂಪೆ ಬಾಗಿಲಿನ ಮೂಲಕ ಪಟ್ಟಿ ಹಾಯಿಸಬಾರದು, ಗಾಜು ರಬ್ಬರಿಗೆ ಸರಿಯಾಗಿ ಕೂರುವುದಿಲ್ಲ.

ಪ್ರಶ್ನೆ: ಆಡಿ ಟಿಟಿ ಕಾರಿನ ಹಿಂಬಾಗಿಲಿಗೆ ಪಟ್ಟಿ ಕಟ್ಟುವ ರ‍್ಯಾಕ್ ಕೊಳ್ಳಬೇಕೆಂದಿದ್ದೇನೆ. ಆನೆಗೊಂದಿ ಕಡೆ ಓಡಾಟಕ್ಕೆ.
– ಓದುಗರು, ಗಂಗಾವತಿ

ಉತ್ತರ: ಕೊಳ್ಳಬೇಡಿ. ಟಿಟಿಯ ಹಿಂದಿನ ರೆಕ್ಕೆ ವೇಗದಲ್ಲಿ ತಾನಾಗಿಯೇ ಮೇಲೇಳುವಂಥದ್ದಾದರೆ ರ‍್ಯಾಕ್ ಅದನ್ನು ಒತ್ತುತ್ತದೆ. ಕೆಳಗೆ ತೂಗುವ ಟೈರು ಸೈಲೆನ್ಸರಿನ ಬಾಯಿಗೆ ಹತ್ತಿರವಾದರೆ ಕರಗುತ್ತದೆ. ನಂಬರ್ ಪ್ಲೇಟು, ಬ್ರೇಕ್ ದೀಪ ಮುಚ್ಚಿದರೆ ದಂಡವೂ ಬೀಳುತ್ತದೆ. ನಿಮ್ಮ ಕೂಪೆಯ ಹಿಂಬಾಗಿಲು ಗಾಜಿನ ಸಮೇತ ಮೇಲೆ ತೆರೆಯುತ್ತದೆ, ಹಿಂದಿನ ಸೀಟು ಮಡಚುತ್ತದೆ. ಚಕ್ರ ಬಿಚ್ಚಿ ಒಳಗೇ ಮಲಗಿಸಿ. ಬಾಗಿಲು ಮುಚ್ಚುವ ಮೊದಲು ಪೆಡಲ್ ಬಿಚ್ಚಿ, ಗಾಜಿಗೆ ಏನೂ ತಾಕದೆಂದು ಕೈಯಿಂದಲೇ ನಿಧಾನವಾಗಿ ಇಳಿಸಿ ನೋಡಿ. ಎಡ ಪೆಡಲಿನ ತಿರುಪಿನ ಮರೆ ತಿರುವುಮುರುವು: ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ.

ಪ್ರಶ್ನೆ: ಸೈಕಲ್ಲನ್ನು ತಲೆಕೆಳಗಾಗಿಟ್ಟು ಕಾರಿನಲ್ಲಿ ತಂದ ಮೇಲೆ ಹೈಡ್ರಾಲಿಕ್ ಬ್ರೇಕಿನ ಲಿವರ್ ಹ್ಯಾಂಡಲ್ಲಿಗೇ ತಾಕುತ್ತಿದೆ.
– ಓದುಗರು, ಸಿಂಧನೂರು

ಉತ್ತರ: ಎಣ್ಣೆಯೊಳಗಿನ ಗಾಳಿಗುಳ್ಳೆ ಕೊಳವೆಗೆ ಹೋಗಿದೆ. ಸೈಕಲ್ ನೆಟ್ಟಗೆ ನಿಲ್ಲಿಸಿ, ಚಕ್ರ ಹಾಕಿ, ಲಿವರನ್ನು 20–30 ಸಲ ಒತ್ತಿ. ರಬ್ಬರ್ ಬ್ಯಾಂಡಿನಿಂದ ಲಿವರನ್ನು ಹಿಡಿಗೆ ಕಟ್ಟಿ ರಾತ್ರಿಯಿಡೀ ಬಿಟ್ಟರೆ ಗುಳ್ಳೆ ಮೇಲೆ ಲಿವರಿನಲ್ಲಿರುವ ಎಣ್ಣೆ ತೊಟ್ಟಿಗೆ ಏರುತ್ತದೆ. ಬೆಳಿಗ್ಗೆಯೂ ಮೆತ್ತಗಿದ್ದರೆ ಎಣ್ಣೆ ಬದಲಿಸಿ ಬ್ಲೀಡ್ ಮಾಡಿಸಬೇಕು (ಒಳಗಿನ ಗಾಳಿ ಹೊರಹಾಕಿಸಬೇಕು), ಅಲ್ಲಿಯವರೆಗೆ ಗುಡ್ಡ ಇಳಿಯಬೇಡಿ. ಶಿಮಾನೋ ಬ್ರೇಕಿಗೆ ಮಿನರಲ್ ಎಣ್ಣೆ. ಕಾರಿನ ಬ್ರೇಕಿಗೆ ಹಾಕುವಂಥ ಡಾಟ್ ದ್ರವ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಹಾಳಾಗುತ್ತವೆ. ಬೇರೆ ಕಂಪನಿಯದಾದರೆ ಲಿವರಿನ ತೊಟ್ಟಿಯ ಮೇಲೆ ಬರೆದಿರುವುದನ್ನು ಓದಿ, ಅದನ್ನೇ ಹಾಕಿಸಿ.