ಗೊರಿಲ್ಲಾದ ಮುಂದೆ ದನಿ ತಗ್ಗಿಸಿದವರು

ಬ್ರಿಟನ್ನಿನ ವನ್ಯಜೀವಿ ಚಿತ್ರಗಳ ನಿರೂಪಕ ಡೇವಿಡ್ ಅಟೆನ್‌ಬರೋ ಬಗ್ಗೆ ಸಾಗರದಿಂದ ಓದುಗರೊಬ್ಬರು ಬರೆದಿದ್ದಾರೆ: "ಡೇವಿಡ್ ಅಟೆನ್‌ಬರೋ ಅವರಿಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಕಾಡು ನಾಶವಾಗುತ್ತಿದ್ದರೂ ದಶಕಗಟ್ಟಲೆ ಚೆಂದದ ಚಿತ್ರಗಳನ್ನಷ್ಟೇ ತೋರಿಸಿದವರಿಗೆ ಇಷ್ಟೊಂದು ಹೊಗಳಿಕೆ ಏಕೆ?"

ನಿಮ್ಮ ಮಾತಿನಲ್ಲಿ ಹುರುಳಿದೆ. ಅವರು ಇನ್ನೂ ಮೊದಲೇ ಗಟ್ಟಿಯಾಗಿ ಹೇಳಬಹುದಿತ್ತೆಂದು ಇಂಗ್ಲೆಂಡಿನವರೇ ಆಕ್ಷೇಪಿಸಿದ್ದಾರೆ. ಆದರೆ 'ತೋರಿಸಿದರು ಅಷ್ಟೇ' ಎಂಬ ನಿಮ್ಮ ಆ 'ಅಷ್ಟೇ' ನನ್ನನ್ನು ಚುಚ್ಚಿತು.

ಹಲ್ಲು ದೊಡ್ಡದೆಂಬ ಕಾರಣಕ್ಕೆ ಬಿಬಿಸಿಯಲ್ಲಿ ಮೊದಲು ಅವರನ್ನು ಕ್ಯಾಮೆರಾದ ಮುಂದೆ ನಿಲ್ಲಿಸಲು ಹಿಂಜರಿದಿದ್ದರು. 1954ರಲ್ಲಿ 'ಜೂ ಕ್ವೆಸ್ಟ್' ಎಂಬ ಪ್ರಾಣಿಗಳ ಟಿವಿ ಸರಣಿಯನ್ನು ನಿರೂಪಿಸಬೇಕಿದ್ದ ಜ್ಯಾಕ್ ಲೆಸ್ಟರ್ ಕಾಯಿಲೆ ಬಿದ್ದಾಗ ಆ ಜಾಗ ಇವರ ಪಾಲಿಗೆ ಬಂತು. 1965ರಲ್ಲಿ ಬಿಬಿಸಿ-2ರ ಮುಖ್ಯಸ್ಥರಾದರು. 1967ರಲ್ಲಿ ಬ್ರಿಟನ್ನಿನ ಟಿವಿಗೆ ಬಣ್ಣ ಬಂದದ್ದು ಅವರ ಕಾಲದಲ್ಲೇ. ಇನ್ನೂ ಮೇಲೇರುವ ದಾರಿ ತೆರೆದಿತ್ತು. ಆ ಕುರ್ಚಿ ಬಿಟ್ಟು ಕಾಡಿಗೆ ಹೋದರು. ನಮ್ಮಲ್ಲಿ ಕುರ್ಚಿ ಬಿಟ್ಟವರ ಹೆಸರನ್ನು ನೀವೇ ಹೇಳಿ ನೋಡೋಣ.

1979ರಲ್ಲಿ ಪ್ರಸಾರವಾದ 'ಲೈಫ್ ಆನ್ ಅರ್ತ್' ಸರಣಿಯ ಒಂದು ದೃಶ್ಯ. ರುವಾಂಡಾದ ಬೆಟ್ಟದ ಸೊಪ್ಪಿನ ನಡುವೆ ಗೊರಿಲ್ಲಾಗಳ ಪಕ್ಕದಲ್ಲಿ ಕುಳಿತಿದ್ದಾರೆ. ಹೆಬ್ಬೆರಳಿನ ಮಹತ್ವದ ಬಗ್ಗೆ ಪಾಠ ಹೇಳಬೇಕೆಂದು ಹೋದವರು ಅದನ್ನು ಬಿಟ್ಟು, ಆ ಪ್ರಾಣಿಯ ನೋಟಕ್ಕೆ ನಮ್ಮ ನೋಟ ಕೂಡಿದಾಗ ಆಗುವ ಅನುಭವವನ್ನು ಪಿಸುದನಿಯಲ್ಲಿ ಹೇಳುತ್ತಾರೆ. ಮರಿಗಳು ಅವರ ಬೂಟಿನ ದಾರ ಬಿಚ್ಚಲು ನೋಡಿದವಂತೆ. ಅವರು ಕದಲಲಿಲ್ಲ.

ಕಳೆದ ಬೇಸಿಗೆಯಲ್ಲಿ ನಮ್ಮ ಬಡಾವಣೆಗೆ ಚಿರತೆ ಬಂತು. ಒಂದು ವಾಹಿನಿ ಇಡೀ ದಿನ 'ನರಭಕ್ಷಕ'ನೆಂದು ಅರಚಿತು. ಅದು ಒಂದು ನಾಯಿಯನ್ನೂ ಮುಟ್ಟಿರಲಿಲ್ಲ. ಗುಂಪು ಸೇರಿತು, ಕಲ್ಲು ಬಿತ್ತು. ಹೆದರಿದ ಪ್ರಾಣಿ ಚರಂಡಿಯ ಮೂಲೆಯಲ್ಲಿ ಮುದುಡಿ ಕುಳಿತಿದ್ದನ್ನು ನಾನೇ ಕಂಡೆ. ಅಲ್ಲಿ ದನಿ ತಗ್ಗಿಸುವವರು ಒಬ್ಬರೂ ಇರಲಿಲ್ಲ.

2020ರಲ್ಲಿ ಚಿತ್ರಮಂದಿರಕ್ಕೆ ಬಂದ 'ವೈಲ್ಡ್ ಕರ್ನಾಟಕ'ಕ್ಕೆ ದನಿ ಕೊಟ್ಟವರೂ ಅಟೆನ್‌ಬರೋ ಅವರೇ. ಆ ನಿರೂಪಣೆಗೆ ರಾಷ್ಟ್ರಪ್ರಶಸ್ತಿಯೂ ಬಂತು. ನನಗೆ ಹೆಮ್ಮೆಯೂ ಆಯಿತು, ಸಂಕಟವೂ ಆಯಿತು. ನಮ್ಮ ಮಕ್ಕಳು ಆಫ್ರಿಕಾದ ಸಿಂಹವನ್ನು ಬಲ್ಲರು; ಹಿತ್ತಿಲ ಬೇಲಿಯಲ್ಲಿ ಕೂಗುವ ಕೆಂಬೂತವನ್ನು ಅರಿಯರು. ಶಾಲೆಗಳು ಕಲಿಸುವುದಿಲ್ಲ, ಟಿವಿ ತೋರಿಸುವುದಿಲ್ಲ, ನಾವು ಪತ್ರಿಕೆಯವರೂ ಆ ಜಾಗವನ್ನು ರಾಶಿಭವಿಷ್ಯಕ್ಕೆ ಕೊಟ್ಟಿದ್ದೇವೆ.

ಸಿಟ್ಟಿನಿಂದಲೂ ಇಷ್ಟು ಚೆನ್ನಾಗಿ ಬರೆಯುವವರು ನೀವು. ನಿಮ್ಮ ತೋಟಕ್ಕೆ ಬರುವ ಯಾವುದಾದರೂ ಒಂದು ಹಕ್ಕಿಯನ್ನು ವಾರವಿಡೀ ನೋಡಿ, ಕಂಡದ್ದನ್ನು ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ನಿಮಗಾಗಿ ತೆಗೆದಿಟ್ಟಿದ್ದೇನೆ.

– ಸಂ.