ನಡುರಾತ್ರಿ ಕಾಣುವುದು ಶುಕ್ರನಲ್ಲ

ಪ್ರಶ್ನೆ: ಡಿಸೆಂಬರ್ ಕೊನೆಯಲ್ಲಿ ನಡುರಾತ್ರಿ ದಕ್ಷಿಣ ದಿಕ್ಕಿನಲ್ಲಿ ಬಹಳ ಎತ್ತರಕ್ಕೆ ಒಂದು ಚುಕ್ಕಿ ಕೆಂಪು, ನೀಲಿ, ಬಿಳಿಯಾಗಿ ಮಿನುಗುತ್ತದೆ. ಮನೆಯಲ್ಲಿ ಎಲ್ಲರೂ ಶುಕ್ರ ಎನ್ನುತ್ತಾರೆ. ಹೌದೇ?
— ಓದುಗರು, ಶಿರಸಿ

ಉತ್ತರ: ಅಲ್ಲ. ಶುಕ್ರ ಸೂರ್ಯನಿಂದ 48 ಡಿಗ್ರಿಗಿಂತ ದೂರ ಸರಿಯುವುದೇ ಇಲ್ಲ. ಸಂಜೆ ಪಡುವಣದಲ್ಲಿ ಕಂಡರೆ ಸೂರ್ಯ ಮುಳುಗಿದ ಮೂರು ಗಂಟೆ ಚಿಲ್ಲರೆಯೊಳಗೆ ತಾನೂ ಮುಳುಗುತ್ತದೆ. ಬೆಳ್ಳಿಯಾಗಿ ಮೂಡುವಾಗಲೂ ಸೂರ್ಯೋದಯಕ್ಕೆ ಅಷ್ಟೇ ಮುಂಚೆ. ನಮ್ಮ ನಾಡಿನಲ್ಲಿ ನಡುರಾತ್ರಿಯ ಆಕಾಶಕ್ಕೆ ಅದು ಬರುವಂತಿಲ್ಲ.

ನೀವು ನೋಡಿದ್ದು ಲುಬ್ಧಕ (ಸಿರಿಯಸ್), ಇರುಳಿನ ಅತ್ಯಂತ ಪ್ರಕಾಶಮಾನ ನಕ್ಷತ್ರ. ಖಚಿತ ಮಾಡಿಕೊಳ್ಳಲು ದಕ್ಷಿಣಕ್ಕೆ ಮುಖ ಮಾಡಿ ನಿಂತು, ನೆತ್ತಿಯ ಹತ್ತಿರ ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ಸೊಂಟದ ಮೂರು ಚುಕ್ಕಿಗಳನ್ನು ಹುಡುಕಿ. ಆ ಸಾಲನ್ನು ಎಡಕ್ಕೆ, ಕೆಳಗೆ ಎಳೆದರೆ ಲುಬ್ಧಕ. ಅದೇ ಸಾಲನ್ನು ಬಲಕ್ಕೆ, ಮೇಲಕ್ಕೆ ಎಳೆದರೆ ಹೆಚ್ಚುಕಡಿಮೆ ರೋಹಿಣಿ ಸಿಗುತ್ತದೆ.

ಪ್ರಶ್ನೆ: ಮಿನುಗದಿದ್ದರೆ ಗ್ರಹ ಎಂಬ ಮಾತನ್ನು ಎಷ್ಟು ನಂಬಬಹುದು?
— ಓದುಗರು, ರಾಯಚೂರು

ಉತ್ತರ: ಎತ್ತರದಲ್ಲಿದ್ದರೆ ನಂಬಬಹುದು. ನಕ್ಷತ್ರ ನಮಗೆ ಬರೀ ಬಿಂದು, ಗಾಳಿ ಅಲುಗಿದರೆ ಅದರ ಬೆಳಕೂ ಅಲುಗುತ್ತದೆ. ಗ್ರಹಕ್ಕೆ ಪುಟ್ಟ ಬಿಲ್ಲೆಯಷ್ಟು ಅಗಲವಿರುವುದರಿಂದ ಅದರ ಬೇರೆಬೇರೆ ಭಾಗಗಳ ಅಲುಗಾಟ ಒಂದನ್ನೊಂದು ಸರಿದೂಗಿಸುತ್ತದೆ. ಆದರೆ ದಿಗಂತದ ಬಳಿ ಬೆಳಕು ಹಲವು ಪಟ್ಟು ಹೆಚ್ಚು ಗಾಳಿಯನ್ನು ದಾಟಿ ಬರಬೇಕು. ಅಲ್ಲಿ ಶುಕ್ರನೂ ಮಿನುಗುತ್ತದೆ. ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ. ದಿಗಂತದಿಂದ ಎರಡು ಮುಷ್ಟಿ ಮೇಲೇರುವವರೆಗೆ ತೀರ್ಮಾನಕ್ಕೆ ಬರಬೇಡಿ.

ಮಿನುಗಿಗಿಂತ ಗಟ್ಟಿ ಗುರುತು ದಾರಿ. ಗ್ರಹಗಳೆಲ್ಲ ಚಂದ್ರ ಸಾಗುವ ಪಟ್ಟಿಯಲ್ಲೇ, ಅಂದರೆ ರೋಹಿಣಿ, ಮಘಾ, ಚಿತ್ತಾ, ಜ್ಯೇಷ್ಠಾ ನಕ್ಷತ್ರಗಳ ಆಸುಪಾಸಿನಲ್ಲೇ ಇರುತ್ತವೆ. ಲುಬ್ಧಕ ಆ ದಾರಿಯಿಂದ ಬಹಳ ದಕ್ಷಿಣಕ್ಕಿದೆ. ಮನೆಯ ಪಂಚಾಂಗವೂ ಒದಗುತ್ತದೆ: ಗುರು ಯಾವ ರಾಶಿಯಲ್ಲಿದೆ ಎಂದು ನೋಡಿಕೊಂಡು ಆ ನಕ್ಷತ್ರಪುಂಜದ ಸುತ್ತ ಹುಡುಕಿ. ಪಂಚಾಂಗದ ರಾಶಿಗಳು ಸಮ ಭಾಗಗಳು, ಪುಂಜಗಳು ಹಾಗಲ್ಲ. ಹಾಗಾಗಿ ಅಂಚಿನಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆದೀತು.

ಗುರು ಕೆನೆಬಿಳಿ, ಲುಬ್ಧಕನಿಗಿಂತ ಪ್ರಖರ. ಬುಧ ಸಂಧ್ಯೆಯ ಮಬ್ಬಿನಲ್ಲಿ, ತೀರಾ ಕೆಳಗೆ ಮಾತ್ರ. ತೊಡಕಾಗುವುದು ಮಂಗಳ ಮತ್ತು ಶನಿ. ಮಂಗಳ ಸುಮಾರು 26 ತಿಂಗಳಿಗೊಮ್ಮೆ ಉಜ್ವಲವಾಗಿ, ಆಮೇಲೆ ಸಾಧಾರಣ ನಕ್ಷತ್ರದಷ್ಟಕ್ಕೆ ಮಂಕಾಗುತ್ತದೆ. ಆಗ ಅದನ್ನು ಕೆಂಪು ಜ್ಯೇಷ್ಠಾ ಅಥವಾ ರೋಹಿಣಿ ಎಂದುಕೊಳ್ಳುವುದು ಸುಲಭ. ಸಂಶಯ ಬಂದರೆ ಸುತ್ತಲಿನ ನಾಲ್ಕೈದು ಚುಕ್ಕಿಗಳೊಂದಿಗೆ ಅದರ ಜಾಗವನ್ನು ಕಾಗದದ ಮೇಲೆ ಗುರುತಿಸಿ, ದಿನಾಂಕ ಬರೆದಿಡಿ. ಮಂಗಳವಾದರೆ ಸಾಮಾನ್ಯವಾಗಿ ಒಂದು ವಾರದಲ್ಲೇ ಜಾಗ ಬದಲಿಸಿರುತ್ತದೆ. ಶನಿ ಒಂದು ರಾಶಿ ದಾಟಲು ಎರಡೂವರೆ ವರ್ಷ ತೆಗೆದುಕೊಳ್ಳುತ್ತದೆ. ಅದಕ್ಕೆ ಎರಡು ತಿಂಗಳಾದರೂ ಕಾಯಬೇಕು.